ಬಲಗೈಗೆ ಬಂದ ಅರ್ಧ ಹಾಡು

ಮಾರ್ಕೆಟ್ಟಿನ ಹಿಂದಿನ ಓಣಿಯಲ್ಲಿ, ಬೀಗದ ಕೈ ಮಾಡುವವನ ಪಕ್ಕಕ್ಕೆ, ಒಂದೇ ಬಾಗಿಲಿನ ಆಲ್ಟರೇಷನ್ ಅಂಗಡಿ. ಪ್ಯಾಂಟಿನ ಉದ್ದ ಇಳಿಸುವುದು, ಜಿಪ್ಪು ಬದಲಾಯಿಸುವುದು, ಮೈ ತುಂಬಿಕೊಂಡವರ ಕೋಟು ಬಿಚ್ಚಿ ಅಗಲ ಮಾಡುವುದು, ಮೈ ಇಳಿದವರದ್ದು ಹಿಡಿದು ಹೊಲಿಯುವುದು ಅಲ್ಲಿನ ಕೆಲಸ. ಅಂಗಡಿಯವಳನ್ನು ಓಣಿಯವರೆಲ್ಲ ಕಾಜಾ ಅಕ್ಕ ಅನ್ನುತ್ತಿದ್ದರು. ಗುಂಡಿಯ ತೂತಿಗೆ ಕೈಯಲ್ಲೇ ಕಾಜಾ ಹೊಲಿಯುವವರು ಆ ಸುತ್ತಿನಲ್ಲಿ ಬೇರೆ ಯಾರೂ ಉಳಿದಿರಲಿಲ್ಲ. ಅವಳು ಕೂಡಿಸಿದ ಗುಂಡಿ ಬಟ್ಟೆ ಹರಿದರೂ ಕಿತ್ತು ಬರಲ್ಲ ಅಂತ ಬೀಗದವನು ತನ್ನ ಗಿರಾಕಿಗಳನ್ನೂ ಅವಳ ಕಡೆ ಕಳಿಸುತ್ತಿದ್ದ.

ಅವಳ ಗಂಡ ಗಿಟಾರ್ ನುಡಿಸುತ್ತಿದ್ದ. ಊರಿನ ದೊಡ್ಡ ಹೋಟೆಲ್ಲಿನ ಊಟದ ಹಾಲಿನಲ್ಲಿ, ಮೂಲೆಯ ಸಣ್ಣ ಕಟ್ಟೆಯ ಮೇಲೆ, ಮೂರು ಜನರ ಜಾಝ್. ಡ್ರಮ್ಮಿನವನೊಬ್ಬ, ಡಬಲ್ ಬಾಸಿನವನೊಬ್ಬ, ನಡುವೆ ಇವನು. ಬಾಸಿನವನು ಆಳುದ್ದದ ಆ ವಾದ್ಯವನ್ನು ತಬ್ಬಿಕೊಂಡು ಒಂದಿಷ್ಟೂ ಅಲುಗದೆ ನಿಲ್ಲುತ್ತಿದ್ದುದರಿಂದ ಅವನಿಗೆ ಕಂಬ ಅಂತಲೇ ಹೆಸರು ಬಿದ್ದಿತ್ತು. ಮದುವೆಯಾದ ಹೊಸತರಲ್ಲಿ ಅವಳೂ ಹೋಟೆಲ್ಲಿಗೆ ಹೋಗಿ ಕೇಳಿದ್ದುಂಟು. ಆಮೇಲೆ ಬಿಟ್ಟಳು. ಸಂಗೀತದ ಗಂಧಗಾಳಿ ತನಗಿಲ್ಲ ಅಂತ ಅವಳೇ ಹೇಳಿಕೊಳ್ಳುತ್ತಿದ್ದಳು. ಗಿಟಾರ್ ಕೇಳಿಸುತ್ತಿದೆ ಅಂದರೆ ಗಂಡ ಮನೆಯಲ್ಲಿದ್ದಾನೆ ಅನ್ನುವುದು ಗೊತ್ತಾಗುತ್ತಿತ್ತು, ಅವಳಿಗೆ ಅಷ್ಟು ಸಾಕಾಗಿತ್ತು. ಮಕ್ಕಳಾಗಲಿಲ್ಲ. ಆ ಕೊರಗನ್ನು ಇಬ್ಬರೂ ಒಬ್ಬರಿಗೊಬ್ಬರು ಎತ್ತಿ ಆಡದೆ ನುಂಗಿಕೊಂಡು, ನಗುನಗುತ್ತಲೇ ಸಂಸಾರ ಮಾಡಿದರು. "ನಮ್ಮ ಡ್ರಮ್ಮಿನವನಿಗಿಂತ ನಿನ್ನ ಹೊಲಿಗೆ ಮಿಷನ್ನಿಗೇ ತಾಳ ಚೆನ್ನಾಗಿದೆ ಕಣೇ" ಅಂತ ಅವನು ರೇಗಿಸುವನು. "ಹಾಗಾದ್ರೆ ಅದನ್ನೇ ಹೊತ್ಕೊಂಡು ಹೋಗಿ, ನನಗೂ ಒಂದಿನ ರಜಾ ಸಿಗುತ್ತೆ" ಅಂತ ಇವಳು.

ಅವರ ಕೆಳಗಿನ ಮನೆಗೆ ಲಿಫ್ಟ್ ರಿಪೇರಿ ಮಾಡುವ ಒಬ್ಬ ಮೆಕ್ಯಾನಿಕ್ ಬಾಡಿಗೆಗೆ ಬಂದ. ಪಶ್ಚಿಮ ಆಫ್ರಿಕಾದವನು. ಬಂದ ವಾರದಲ್ಲೇ ಒಂದು ಭಾನುವಾರ ಮಧ್ಯಾಹ್ನ ಅವನ ಕಿಟಕಿಯಿಂದ ನಾದವೊಂದು ಮೇಲೆ ಬಂತು. ತಟ್ಟೆಯ ಮುಂದೆ ಕೂತಿದ್ದ ಗಂಡ ಕೈ ಕೂಡ ತೊಳೆಯದೆ ಎದ್ದು ಕೆಳಗಿಳಿದ. ಹಾಕಿಕೊಂಡು ಹೋದದ್ದು ತನ್ನದೊಂದು ಚಪ್ಪಲಿ, ಹೆಂಡತಿಯದೊಂದು. ಸಂಜೆ ವಾಪಸು ಬಂದವನಿಗೆ ಅವಳು ಬಾಯಿಗೆ ಬಂದಹಾಗೆ ಬೈದಳು. ಅವನಿಗೆ ಒಂದು ಮಾತೂ ಕಿವಿಗೆ ಬಿದ್ದಂತಿರಲಿಲ್ಲ.

"ಅರ್ಧ ಕುಂಬಳಕಾಯಿ ಅಷ್ಟು ದೊಡ್ಡ ಸೋರೆಬುರುಡೆ," ಅಂತ ಎರಡು ಕೈಯಲ್ಲೂ ಅಳತೆ ತೋರಿಸಿದ. "ಅದಕ್ಕೆ ಚರ್ಮ ಬಿಗಿದಿದಾರೆ. ಮೇಲಕ್ಕೊಂದು ಉದ್ದನೆ ಕೋಲು. ಇಪ್ಪತ್ತೊಂದು ತಂತಿ, ಎರಡು ಸಾಲು. ಕೊರಾ ಅಂತಾರಂತೆ. ಎದೆಗೆ ಎದುರಾಗಿ ಇಟ್ಕೊಂಡು ಎರಡು ಹೆಬ್ಬೆರಳು, ಎರಡು ತೋರುಬೆರಳಲ್ಲಿ ನುಡಿಸ್ತಾನೆ. ಒಬ್ಬನೇ ಕಣೇ. ಕೇಳಿದ್ರೆ ಮೂರು ಜನ ಕೂತಹಾಗಿದೆ."

ಮೆಕ್ಯಾನಿಕ್ಕನದು ತಲೆತಲಾಂತರದಿಂದ ಹಾಡುವವರ ಮನೆತನ. ಮದುವೆಯಿರಲಿ ಸಾವಿರಲಿ, ಮನೆಯವರ ಹಿರೀಕರ ಹೆಸರನ್ನು ಒಂದೊಂದಾಗಿ ಎತ್ತಿ ಹಾಡುವುದು ಅವರ ಹುಟ್ಟಿನ ಕಸುಬು. ಇಲ್ಲಿ ಲಿಫ್ಟಿನ ಗ್ರೀಸು ಮೆತ್ತಿಕೊಂಡ ಬೆರಳು ತೊಳೆದು ಭಾನುವಾರಗಳಲ್ಲಿ ನುಡಿಸುತ್ತಿದ್ದ. ಇಲ್ಲಿನ ಮಾತು ಬೇಗ ಕಲಿತ. ಅವಳನ್ನು ತಂಗಿ ಅಂದ. ಅವಳಿಗೆ ಅವನು ಕೆಳಮನೆ ಅಣ್ಣನಾದ.

ಆವತ್ತಿನಿಂದ ಗಂಡ ತಂತಿ ಮೀಟುವ ಪಿಕ್ ಕೆಳಗಿಟ್ಟು ಬರಿ ಬೆರಳಿಗಿಳಿದ. ಚಿಕ್ಕಂದಿನಿಂದ ಪಿಕ್ಕಿನಲ್ಲೇ ನುಡಿಸಿ ಹೆಸರು ಮಾಡಿದವನು ಮಗುವಿನ ಹಾಗೆ ಮೊದಲಿಂದ ಶುರು ಮಾಡಿದ. ಕೆಳಮನೆ ಅಣ್ಣ ಪಕ್ಕದಲ್ಲಿ ಕೂತು ತೊಡೆ ತಟ್ಟುತ್ತಿದ್ದ. "ಹೆಬ್ಬೆರಳು ಮನೆ ನೋಡ್ಕೊಳ್ಳಲಿ ಅಣ್ಣ. ತೋರುಬೆರಳು ಬೇಕಾದ್ರೆ ಊರು ತಿರುಗಿ ಬರಲಿ. ನಿಮ್ಮದು ಎರಡೂ ಊರು ತಿರುಗ್ತಿವೆ." ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಒಂದೇ ಸುತ್ತನ್ನು ಮತ್ತೆ ಮತ್ತೆ ನಡೆಸಬೇಕು. ತೋರುಬೆರಳು ಅದರ ಮೇಲೆ ಸ್ವರಗಳನ್ನು ಮೇಲಿನಿಂದ ಕೆಳಕ್ಕೆ ಸುರಿಯಬೇಕು. ಒಂದು ಮೂರರ ನಡೆ, ಇನ್ನೊಂದು ಎರಡರ ನಡೆ, ಒಂದರೊಳಗೊಂದು. ತಂತಿಯ ನಾದ ಗಿಟಾರಿನಂತೆ ಉದ್ದಕ್ಕೆ ಎಳೆಯದೆ ಒಣಗಿದ ಮರ ತಟ್ಟಿದ ಹಾಗೆ ಕೇಳಬೇಕು ಅಂತ ಗಂಡ ತಂತಿಗಳ ಸಂದಿಗೆ ಏನೇನೋ ತುರುಕಿ ನೋಡಿದ. ಯಾವುದೂ ಹೊಂದಲಿಲ್ಲ. ಕೊನೆಗೆ ಅವಳೇ ಅಂಗಡಿಯಿಂದ ಶರ್ಟಿನ ಕಾಲರಿಗೆ ಹಾಕುವ ಕ್ಯಾನ್ವಾಸಿನ ಪಟ್ಟಿಯೊಂದನ್ನು ತಂದು ತಂತಿಗಳ ಬುಡದಲ್ಲಿ ಮೇಲೊಂದು ಕೆಳಗೊಂದು ಹೆಣೆದು ಕೊಟ್ಟಳು. ಗಂಡ ನುಡಿಸಿದ. ಕೆಳಮನೆ ಅಣ್ಣ ಕಣ್ಣು ಮುಚ್ಚಿ ಕೇಳಿ, "ತಂಗಿ, ನೀನು ನಮ್ಮ ಮನೆಯಲ್ಲಿ ಹುಟ್ಟಬೇಕಿತ್ತು" ಅಂದ.

ಹೋಟೆಲ್ಲಿನಲ್ಲಿ ಮೊದಮೊದಲು ಎಡವಟ್ಟಾಯಿತು. ಮ್ಯಾನೇಜರು ಕರೆದು, "ಏನ್ರೀ ಇದು, ಊಟಕ್ಕೆ ಬಂದೋರು ತುತ್ತು ಯಾವಾಗ ಬಾಯಿಗಿಡಬೇಕು ಅಂತಾನೇ ಗೊತ್ತಾಗ್ತಿಲ್ಲ ಅಂತಿದಾರೆ" ಅಂದ. ಕಂಬನೂ ಗೊಣಗಿದ. ಆದರೆ ತಿಂಗಳುಗಳು ಕಳೆದಂತೆ ಆ ಸುತ್ತುವ ನಡೆಯ ಮೇಲೆ ಜಾಝಿನ ಸ್ವರಮೇಳಗಳು ತಾವಾಗಿ ಕೂರತೊಡಗಿದವು. ಕಂಬ ತನ್ನ ಬಾಸನ್ನು ಕಮ್ಮಿ ಮಾಡಿ ಗಂಡನ ಹೆಬ್ಬೆರಳಿಗೆ ಜಾಗ ಬಿಟ್ಟ. ಆಮೇಲೆ ಊಟಕ್ಕಲ್ಲ, ಕೇಳುವುದಕ್ಕೇ ಅಂತ ಜನ ಬಂದು ಒಂದು ಕಾಫಿ ತರಿಸಿಕೊಂಡು ಕೂರುವ ಕಾಲವೂ ಬಂತು. ಕೆಳಮನೆ ಅಣ್ಣನಿಗೆ ದೂರದ ಊರಲ್ಲಿ ಕೆಲಸ ಸಿಕ್ಕಿ ಹೊರಟಾಗ ಗಂಡ ಬಸ್ ಸ್ಟ್ಯಾಂಡಿನಲ್ಲಿ ಚಿಕ್ಕ ಮಕ್ಕಳ ಹಾಗೆ ಅತ್ತ.

ಅದಾಗಿ ಕೆಲವು ವರ್ಷಕ್ಕೆ, ಬೆಳಿಗ್ಗೆ ಹಲ್ಲುಜ್ಜುತ್ತಿದ್ದ ಗಂಡನ ಕೈಯಿಂದ ಬ್ರಷ್ಷು ಜಾರಿತು. ಎತ್ತಿಕೊಳ್ಳಲು ಬಗ್ಗಿದವನು ಏಳಲಿಲ್ಲ. ಅವಳು ಓಡಿ ಬಂದು ನೋಡಿದರೆ ಬಾಯಿ ಒಂದು ಕಡೆಗೆ ಸೊಟ್ಟಗಾಗಿ, ಏನೋ ಹೇಳಲು ಹೋಗಿ ನಾಲಿಗೆ ತೊಡರುತ್ತಿತ್ತು. ಆಸ್ಪತ್ರೆಯಲ್ಲಿ ಜೀವ ಉಳಿಯಿತು. ಮಾತು ನಿಧಾನಕ್ಕೆ, ತಡವರಿಸುತ್ತ, ಮರಳಿತು. ಕಾಲು ಕೋಲು ಹಿಡಿದು ನಡೆಯುವಷ್ಟು ಆಯಿತು. ಬಲಗೈ ಮಾತ್ರ ಬರಲಿಲ್ಲ. ವ್ಯಾಯಾಮ ಮಾಡಿಸುವ ಹುಡುಗಿ ದಿನಾ ಬಂದು ಆ ಕೈಯನ್ನು ಎತ್ತಿ ಇಳಿಸಿ, ಬೆರಳು ಬಿಡಿಸಿ ಮಡಿಸಿ ಹೋಗುತ್ತಿದ್ದಳು. ಅವಳು ಬಿಟ್ಟ ಕೂಡಲೇ ಅದು ಬೇರೆ ಯಾರದೋ ಕೈ ತಂದಿಟ್ಟಂತೆ ತೊಡೆಯ ಮೇಲೆ ಬಿದ್ದುಕೊಳ್ಳುತ್ತಿತ್ತು. ಹೋಟೆಲ್ಲಿನವರು ಬೇರೊಬ್ಬ ಗಿಟಾರಿನವನನ್ನು ನೋಡಿಕೊಂಡರು. ಅದನ್ನು ಹೇಳಲು ಬಂದ ಕಂಬ, ಹೇಳಲಾಗದೆ, ಎರಡು ಸಲ ಟೀ ಕುಡಿದು ಎದ್ದು ಹೋದ.

ಅವಳು ಅಂಗಡಿಯ ಕೆಲಸವನ್ನು ಮನೆಗೇ ತಂದುಕೊಂಡಳು. ಒಂದು ಮಧ್ಯಾಹ್ನ ಕಿಟಕಿಯ ಬಳಿ ಕೂತು ಪ್ಯಾಂಟಿಗೆ ಅಂಚು ಹೊಲಿಯುತ್ತಿದ್ದಾಗ ಬೆನ್ನ ಹಿಂದೆ ಸಣ್ಣ ಸದ್ದು. ತಿರುಗಿದಳು. ಗಂಡ ಹೇಗೋ ಮಾಡಿ ಗಿಟಾರನ್ನು ತೊಡೆಗೆ ಎಳೆದುಕೊಂಡಿದ್ದ. ಎಡಗೈ ಬೆರಳುಗಳು ತಂತಿಗಳನ್ನು ಒತ್ತಿ, ಜಾರಿ, ಮತ್ತೆ ಒತ್ತಿ, ಪೂರಾ ಹಾಡೊಂದನ್ನು ನುಡಿಸುತ್ತಿದ್ದವು. ಮೀಟುವ ಕೈಯಿಲ್ಲದೆ ತಂತಿಯ ಮೇಲೆ ಬೆರಳು ಬಡಿದ ಟಪ್ಪಟಪ್ ಬಿಟ್ಟರೆ ಬೇರೇನೂ ಕೇಳಿಸುತ್ತಿರಲಿಲ್ಲ. ಅವನು ನೋಡುತ್ತಿದ್ದದ್ದು ಗೋಡೆಯನ್ನು.

ಅವಳಿಂದ ತಡೆಯಲಾಗಲಿಲ್ಲ. ಸೂಜಿಯನ್ನು ಪ್ಯಾಂಟಿಗೆ ಚುಚ್ಚಿಟ್ಟು ಹೋಗಿ, ಅವನ ಬಲಕ್ಕೆ ಒತ್ತಿಕೊಂಡು ಕೂತು, ದಪ್ಪ ತಂತಿಯೊಂದನ್ನು ಹೆಬ್ಬೆರಳಿನಿಂದ ಮೀಟಿದಳು. ನಾದ ಬಂತು. ಅವನು ಎಡಗೈ ಬೆರಳು ಸರಿಸಿದ. ನಾದ ಬದಲಾಯಿತು. ಅವಳು ಮತ್ತೆ ಮೀಟಿದಳು, ಅವನು ಮತ್ತೆ ಸರಿಸಿದ. ಆಸ್ಪತ್ರೆಯಿಂದ ಬಂದಮೇಲೆ ಅವನು ನಕ್ಕಿದ್ದು ಅದೇ ಮೊದಲು. ಸೊಟ್ಟ ನಗು.

"ಇನ್ನೊಂದು... ಬೆರಳು," ಅಂದ.

ಹೀಗೆ ಶುರುವಾಯಿತು. ಅವಳ ಎಡಗೈ ಅವನ ಬೆನ್ನಿನ ಹಿಂದೆ ಬಳಸಿಕೊಂಡಿರುತ್ತಿತ್ತು, ಅವನು ವಾಲದಂತೆ ಹಿಡಿದುಕೊಳ್ಳಲು. ಬಲಗೈ ತಂತಿಗಳ ಮೇಲೆ. ಒಂದು ಗಿಟಾರಿಗೆ ಇಬ್ಬರು. ಮಾತಿಗೆ ತಡವರಿಸುತ್ತಿದ್ದವನು ಪಾಠಕ್ಕೆ ಕೂತರೆ ಎಳ್ಳಷ್ಟೂ ಬಿಡುತ್ತಿರಲಿಲ್ಲ. ಹೆಬ್ಬೆರಳಿನ ಸುತ್ತೊಂದನ್ನೇ ವಾರಗಟ್ಟಲೆ ಮಾಡಿಸಿದ. ಅವಳು ಮನಸ್ಸಿನಲ್ಲಿ ಒಂದು ಎರಡು ಮೂರು ಅಂತ ಎಣಿಸಿಕೊಂಡರೆ ಅದು ಹೇಗೋ ಅವನಿಗೆ ಗೊತ್ತಾಗಿಬಿಡುತ್ತಿತ್ತು. "ಎಣಿಸ್ಬೇಡ. ನಡಿ," ಅನ್ನುವನು. ಅವಳು ಸೋತು ಕೈಬಿಟ್ಟರೆ ಕಣ್ಣಲ್ಲೇ ಗದರುವನು.

ಒಂದು ದಿನ ಅವಳಿಗೆ ರೇಗಿತು. ಬೆಳಿಗ್ಗೆಯಿಂದ ನಾಲ್ಕಾರು ಕೋಟುಗಳ ಕೆಲಸ ಮುಗಿಸಿ, ಅವನಿಗೆ ಸ್ನಾನ ಮಾಡಿಸಿ, ತಿನ್ನಿಸಿ, ಕೂತಿದ್ದಳು. ಒಂದೇ ಜಾಗದಲ್ಲಿ ಮತ್ತೆ ಮತ್ತೆ ತಪ್ಪುತ್ತಿತ್ತು. ಅವನು ಎಡಗೈಯಿಂದ ಅವಳ ಬೆರಳನ್ನು ಹಿಡಿದು ಸರಿಯಾದ ತಂತಿಯ ಮೇಲೆ ಒರಟಾಗಿ ಇಟ್ಟ.

"ಬಿಡ್ರೀ," ಅಂತ ಅವಳು ಎದ್ದು ನಿಂತಳು. "ನಾನು ನಿಮ್ಮ ಕೈ ಅಲ್ಲ. ನನಗೂ ಒಂದು ಜೀವ ಇದೆ. ನಿಮ್ಮ ಕೈ ಹೋಯ್ತು ಅಂತ ನನ್ನ ಕೈ ಕಿತ್ಕೊಂಡು ಹಾಕ್ಕೊಳ್ಳೋಕೆ ಆಗಲ್ಲ."

ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡಳು. ಅವನು ಗಿಟಾರನ್ನು ಎಡಗೈಯಲ್ಲಿ ಸರಿಸಿ ಮಂಚದ ಮೇಲಿಡಲು ಹೋದ, ಅದು ಜಾರಿ ನೆಲಕ್ಕೆ ತಗುಲಿ ದನಿ ಮಾಡಿತು. ಅವಳು ಅಡುಗೆಮನೆಗೆ ಹೋಗಿ ಸಿಂಕಿನ ನಲ್ಲಿ ಬಿಟ್ಟುಕೊಂಡು, ಆ ಸದ್ದಿನಲ್ಲಿ ಅತ್ತಳು. ಹೊರಗೆ ಬಂದಾಗ ಅವನ ಕೆನ್ನೆಯೂ ಒದ್ದೆಯಾಗಿತ್ತು.

"ನೀನು ಕೈ ಅಲ್ಲ," ಅಂದ, ಒಂದೊಂದು ಮಾತನ್ನೂ ಎಲ್ಲಿಂದಲೋ ಎಳೆದು ತರುತ್ತ. "ಕೈ... ಹೇಳಿದ್ದು ಕೇಳುತ್ತೆ. ನೀನು ಯಾವತ್ತು... ಕೇಳಿದೀಯ?"

ಅವಳಿಗೆ ಅಳುವಿನ ನಡುವೆಯೇ ನಗು ಬಂತು. ಮತ್ತೆ ಅವನ ಪಕ್ಕಕ್ಕೆ ಹೋಗಿ ಕೂತಳು. ಆವತ್ತು ಸಂಜೆ ಆ ತಪ್ಪುವ ಜಾಗ ಯಾರ ಗಮನಕ್ಕೂ ಬರದೆ ದಾಟಿಹೋಯಿತು. ಹೆಬ್ಬೆರಳು ತನ್ನ ಪಾಡಿಗೆ ನಡೆಯುತ್ತಿದೆ, ತೋರುಬೆರಳು ತನ್ನ ಪಾಡಿಗೆ ಇಳಿಯುತ್ತಿದೆ ಅನ್ನುವುದು ಅವಳಿಗೆ ಅರಿವಾದದ್ದು ಎಷ್ಟೋ ಸುತ್ತು ಕಳೆದ ಮೇಲೆ. ಅರಿವಾದ ಕೂಡಲೇ ತಪ್ಪಿತು. ಇಬ್ಬರೂ ನಕ್ಕರು.

ಕಂಬ ಒಂದು ದಿನ ನೋಡಲು ಬಂದವನು ಬಾಗಿಲಲ್ಲೇ ನಿಂತು ಪೂರ್ತಿ ಕೇಳಿದ. ಅವನ ಒತ್ತಾಯದ ಮೇಲೆ ಒಂದು ಶಾಲೆಯ ಸಭಾಂಗಣದಲ್ಲಿ, ಮಧ್ಯಾಹ್ನದ ಕಾರ್ಯಕ್ರಮದಲ್ಲಿ, ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಹಳೆಯ ಒಂದು ಹಾಡು ನುಡಿಸಿದರು. ಚಪ್ಪಾಳೆ ಜೋರಾಗಿ ಬಿತ್ತು. ಅವಳು ನಾಚಿ ಕಣ್ಣೆತ್ತಿ ನೋಡಲಿಲ್ಲ. ಗಂಡ ಮಾತ್ರ ಮನೆಗೆ ಬರುವ ದಾರಿಯುದ್ದಕ್ಕೂ ಆಟೋದಲ್ಲಿ ಒಂದೇ ಮಾತು ಹೇಳುತ್ತಿದ್ದ. "ಹಳೇದು ಬಿಡು. ಹೊಸದೊಂದು... ಮಾಡೋಣ."

ಹೊಸದನ್ನು ಅವನು ಕಟ್ಟಿದ್ದು ಅವಳ ಕೈಗೆಂದೇ. ತನ್ನ ಬೆರಳಿಗೆ ಒಗ್ಗಿದ ಹಾದಿ ಬಿಟ್ಟು, ಅವಳಿಗೆ ಸಲೀಸಾಗುವ ತಂತಿಗಳನ್ನು ಆರಿಸಿಕೊಂಡ. ಅವಳ ಬೆರಳುಗಳು ಮಾಡಬೇಕಾದ್ದು ಮೊದಲಿಂದ ಕೊನೆಯವರೆಗೆ ಒಂದೇ. ಬದಲಾಗುವುದೆಲ್ಲ ಅವನ ಎಡಗೈಯಲ್ಲಿ. ಅರ್ಧದವರೆಗೆ ಆ ಕೈಯೂ ಒಂದೇ ಜಾಗ ಹಿಡಿದಿರುತ್ತಿತ್ತು, ಅರ್ಧಕ್ಕೆ ಬಂದಾಗ ಒಂದು ತಿರುವಿತ್ತು. ಅಲ್ಲಿ ಅವನ ಕೈ ಗಿಟಾರಿನ ಕತ್ತಿನ ಮೇಲೆ ದೂರಕ್ಕೆ ಸರಿಯುತ್ತಿತ್ತು. ಅಲ್ಲಿವರೆಗೆ ಬೆಚ್ಚಗಿದ್ದ ಹಾಡು ಇದ್ದಕ್ಕಿದ್ದಂತೆ ಕಿಟಕಿ ತೆರೆದ ಹಾಗೆ ಆಗುತ್ತಿತ್ತು. ಆ ಜಾಗ ಬಂದಾಗಲೆಲ್ಲ ಅವನು ಅವಳ ಮುಖ ನೋಡುತ್ತಿದ್ದ, ಅವಳು ಅವನದು. ಚಳಿ ಮುಗಿದ ಮೇಲೆ ಕಂಬನನ್ನು ಕರೆದು ರೆಕಾರ್ಡ್ ಮಾಡಿಸೋಣ ಅಂದುಕೊಂಡಿದ್ದರು.

ಚಳಿ ಮುಗಿಯುವ ಮೊದಲೇ ಲಕ್ವ ಎರಡನೇ ಸಲ ಹೊಡೆಯಿತು. ಈ ಸಲ ಆಸ್ಪತ್ರೆಯ ಬಾಗಿಲಿಗೆ ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವಳು ಅವನ ಎಡಗೈ ಹಿಡಿದುಕೊಂಡೇ ಇದ್ದಳು. ಬೆರಳ ತುದಿಗಳಲ್ಲಿ ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ್ದ ಗಟ್ಟಿ ಚರ್ಮ ಅವಳ ಅಂಗೈಗೆ ಒರಟಾಗಿ ತಾಗುತ್ತಿತ್ತು. ನರ್ಸಮ್ಮ ಬಂದು ಮೆಲ್ಲಗೆ ಬಿಡಿಸಬೇಕಾಯಿತು.

ಸುದ್ದಿ ಕೇಳಿ ಕೆಳಮನೆ ಅಣ್ಣ ಬಸ್ಸು ಹಿಡಿದು ಬಂದ. ಕೂದಲು ನೆರೆತಿತ್ತು. ಮನೆ ತುಂಬ ಜನ. ಅವನು ಅವಳ ಎದುರು ನೆಲದ ಮೇಲೆ ಕೂತು, ಬೇರೆ ಯಾವ ಸಮಾಧಾನದ ಮಾತನ್ನೂ ಆಡದೆ, "ತಂಗಿ, ನಿನ್ನ ಗಂಡನ ತಂದೆ ಹೆಸರು ಹೇಳು. ತಾತನ ಹೆಸರು ಹೇಳು" ಅಂದ. ಅವಳು ಹೇಳಿದಳು. ಅದಕ್ಕೂ ಹಿಂದಿನದು ಅವಳಿಗೆ ಗೊತ್ತಿರಲಿಲ್ಲ, ನಾದಿನಿ ನೆನಪು ಮಾಡಿಕೊಂಡು ಹೇಳಿದಳು. ಕೆಳಮನೆ ಅಣ್ಣ ಎದ್ದು ನಿಂತು, ವಾದ್ಯವಿಲ್ಲದೆ, ತನ್ನ ಭಾಷೆಯಲ್ಲಿ ಹಾಡಿದ. ಹಾಡಿನ ಮಾತು ಯಾರಿಗೂ ತಿಳಿಯಲಿಲ್ಲ. ಆದರೆ ಗೊತ್ತಿಲ್ಲದ ಆ ಮಾತುಗಳ ಹರಿವಿನಲ್ಲಿ ಮನೆತನದ ಹೆಸರುಗಳು ಒಂದರ ಹಿಂದೊಂದು ಬಂದು, ಕೊನೆಗೆ ಗಂಡನ ಹೆಸರು ಬಂತು. ಅಲ್ಲಿವರೆಗೆ ಕಲ್ಲಿನಂತೆ ಕೂತಿದ್ದವಳು ನಾದಿನಿಯ ಹೆಗಲಿಗೆ ಬಿದ್ದು ಅತ್ತಳು.

ಬಂದವರೆಲ್ಲ ಹೋದಮೇಲೆ ಕೆಳಮನೆ ಅಣ್ಣ ಎರಡು ದಿನ ಕಂಬನ ಮನೆಯಲ್ಲಿ ಉಳಿದುಕೊಂಡ. ಮಾರನೆಯ ಮಧ್ಯಾಹ್ನ ಇಬ್ಬರೂ ಬಂದರು. ಹೊಸ ಹಾಡಿನ ವಿಷಯ ಕಂಬನಿಗೆ ಗೊತ್ತಿತ್ತು.

"ಅತ್ತಿಗೆ, ನಿಮ್ಮ ಕೈಯಲ್ಲಿ ಅದು ಇದೆಯಲ್ಲ," ಅಂದ. "ನೀವು ಮೀಟಿ. ನಾನು ಎಡಗೈ ಹುಡುಕ್ತೀನಿ. ಹೇಗೋ ಸಿಗುತ್ತೆ. ಅವನ ಹಾಡು ಹೀಗೇ ಹೋಗೋದು ಬೇಡ."

ಅವಳು ಒಪ್ಪಿದಳು. ಕಂಬ ಮಂಚದ ಅಂಚಿಗೆ, ಗಂಡ ಕೂರುತ್ತಿದ್ದ ಜಾಗದಲ್ಲಿ, ಗಿಟಾರ್ ಹಿಡಿದು ಕೂತ. ಅವಳು ಬಲಕ್ಕೆ ಕೂತಳು. ಎಡಗೈ ತಾನಾಗಿ ಅವನ ಬೆನ್ನ ಹಿಂದಕ್ಕೆ ಹೋಗಿ, ಥಟ್ಟನೆ ನಿಂತು, ವಾಪಸು ಬಂತು. ಆ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಒತ್ತಿಕೊಂಡಳು. ಬಲಗೈ ಶುರು ಮಾಡಿತು. ಹೆಬ್ಬೆರಳು ನಡೆಯಿತು, ತೋರುಬೆರಳು ಇಳಿಯಿತು, ಎಲ್ಲೂ ತಪ್ಪಲಿಲ್ಲ. ಕಂಬ ಒಂದು ಕಡೆ ಒತ್ತಿದ.

"ಇದಾ?"

"ಅಲ್ಲ."

"ಇದು?"

"ಅಲ್ಲಣ್ಣ."

"ಕೈ ಎಲ್ಲಿಡ್ತಿದ್ದ ಅಂತ ಒಂಚೂರು ನೆನಪು ಮಾಡ್ಕೊಳ್ಳಿ. ಮೇಲಕ್ಕಾ, ಕೆಳಕ್ಕಾ?"

ಅವಳು ಮೀಟುವುದನ್ನು ನಿಲ್ಲಿಸಿದಳು. ಅಷ್ಟು ತಿಂಗಳು ಪಕ್ಕದಲ್ಲೇ ಕೂತಿದ್ದಳು. ಅವನ ಕಿವಿಯ ಹಿಂದಿನ ಮಚ್ಚೆ, ಉಸಿರು ಎಳೆಯುವ ರೀತಿ, ತಪ್ಪಿದಾಗ ಹುಬ್ಬು ಗಂಟಾಗುವುದು, ಎಲ್ಲ ಕಣ್ಣಿಗೆ ಕಟ್ಟಿದಂತಿತ್ತು. "ನಾನು ಕೈ ನೋಡಲೇ ಇಲ್ಲ," ಅಂದಳು. "ಮುಖ ನೋಡ್ತಿದ್ದೆ."

ಕಂಬ ಗಿಟಾರನ್ನು ಮೆಲ್ಲಗೆ ಪಕ್ಕಕ್ಕಿಟ್ಟು ಕಿಟಕಿಯ ಕಡೆ ಹೋಗಿ ನಿಂತ.

ಕೆಳಮನೆ ಅಣ್ಣ ಗಿಟಾರ್ ಎತ್ತಿಕೊಂಡ. "ಕೊರಾದಲ್ಲಿ ಯಾರೂ ತಂತಿ ಒತ್ತಲ್ಲ, ತಂಗಿ," ಅಂದ. "ಒಂದೊಂದು ತಂತಿಗೆ ಒಂದೊಂದೇ ಸ್ವರ. ಶುರುವಿನಲ್ಲಿ ಹೇಗೆ ಕೇಳಿಸ್ತಿತ್ತು ಅಷ್ಟು ಹಾಡಿ ತೋರಿಸು." ಅವಳು ಹಾಡುವವಳಲ್ಲ. ಗೊಗ್ಗರು ದನಿಯಲ್ಲಿ ಗುನುಗಿದಳು. ಅವನು ಒಂದೊಂದೇ ಬಿರಡೆ ತಿರುಗಿಸಿ, ಕೇಳಿ, ಮತ್ತೆ ತಿರುಗಿಸಿ, ಆರು ತಂತಿಗಳನ್ನೂ ಆ ಗುನುಗಿಗೆ ಹೊಂದಿಸಿ ಅವಳ ತೊಡೆಯ ಮೇಲಿಟ್ಟ. "ಈಗ ಮೀಟು. ಯಾರ ಎಡಗೈಯೂ ಬೇಡ."

ಮೀಟಿದಳು. ಹಾಡು ಬಂತು. ಅದೇ ಹಾಡು, ಅದೇ ಬೆಚ್ಚಗಿನದು. ಕಿಟಕಿಯ ಬಳಿಯಿದ್ದ ಕಂಬ ತಿರುಗಿ ನೋಡಿದ. ಸುತ್ತು ಒಂದಾಯಿತು, ಎರಡಾಯಿತು, ಅವಳ ಮುಖ ಅರಳುತ್ತ ಬಂತು. ಆಮೇಲೆ ತಿರುವು ಬಂತು. ಬೆರಳುಗಳು ಎಂದಿನಂತೆ ನಡೆದವು. ಸ್ವರ ಬದಲಾಗಲಿಲ್ಲ. ಒಂದು ಸುತ್ತು ಕಾದಳು, ಇನ್ನೊಂದು ಸುತ್ತು ಕಾದಳು. ಹಾಡು ಮೊದಲಿನ ಜಾಗದಲ್ಲೇ ಸುತ್ತುತ್ತಿತ್ತು. ಅವಳು ಅಂಗೈಯನ್ನು ತಂತಿಗಳ ಮೇಲಿಟ್ಟು ನಾದ ನಿಲ್ಲಿಸಿದಳು.

"ಇಲ್ಲಿಂದ ಮುಂದೆ ಅವರದ್ದು," ಅಂದಳು.

ಆಮೇಲೆ ಅವಳೇ ಎದ್ದು ಟೀ ಮಾಡಿ ತಂದಳು.

ಮಾರನೆಯ ದಿನ ಕೆಳಮನೆ ಅಣ್ಣನನ್ನು ಬಸ್ಸಿಗೆ ಹತ್ತಿಸಿ ಬಂದಳು. ತಿಂಗಳು ಕಳೆದು ಮತ್ತೆ ಅಂಗಡಿ ತೆರೆದಳು. ಬೀಗದವನು ಅವಳಿಲ್ಲದಾಗ ಬಂದ ಬಟ್ಟೆಗಳನ್ನೆಲ್ಲ ತನ್ನ ಅಂಗಡಿಯಲ್ಲೇ ಇರಿಸಿಕೊಂಡಿದ್ದ. ಒಂದು ಗಂಟು ಹೊತ್ತು ತಂದು ಮೇಜಿನ ಮೇಲಿಟ್ಟು, "ಜಿಪ್ಪಿನವು ಮೇಲಿವೆ ಅಕ್ಕ" ಅಂದು ಹೋದ. ಅವಳು ಕನ್ನಡಕ ಹಾಕಿಕೊಂಡು ಮೇಲಿನ ಪ್ಯಾಂಟನ್ನು ಎತ್ತಿಕೊಂಡಳು.

ಗಿಟಾರಿನ ತಂತಿಗಳು ಕೆಳಮನೆ ಅಣ್ಣ ಹೊಂದಿಸಿಟ್ಟಂತೆಯೇ ಇವೆ. ಸಡಿಲಾದಾಗ ಕಂಬ ಬಂದು ಸರಿಮಾಡಿ ಹೋಗುತ್ತಾನೆ. ಅಂಗಡಿಗೆ ಹೊರಡುವ ಮೊದಲು ಕೆಲವು ದಿನ ಅವಳು ಮಂಚದ ಬಲತುದಿಗೆ ಕೂತು ಅದನ್ನು ನುಡಿಸುತ್ತಾಳೆ. ತಿರುವು ಬರುತ್ತದೆ. ಅವಳು ನಿಲ್ಲಿಸಿ, ಚಪ್ಪಲಿ ಮೆಟ್ಟಿ, ಬಾಗಿಲು ಎಳೆದುಕೊಂಡು ಮೆಟ್ಟಿಲಿಳಿಯುತ್ತಾಳೆ.